ಮಳೆ ಕೇಳಿಸದ ಕೋಣೆ

ಕಳೆದ ತಿಂಗಳು ಗುರುವಾಯನಕೆರೆಯಲ್ಲಿರುವ ನನ್ನ ತಂಗಿಯ ಮಗಳ ಮನೆಗೆ ಹೋಗಿದ್ದೆ. ಮನೆಯ ಹಿಂದೆ ಕಟ್ಟಿಗೆ ಇಡಲು ಒಂದು ಕೊಟ್ಟಿಗೆ ಕಟ್ಟಿಸುತ್ತಿದ್ದರು. ಅಂಗಳಕ್ಕೆ ಕಾಲಿಟ್ಟದ್ದೇ ಗೇರೆಣ್ಣೆಯ ಘಾಟು ಮೂಗಿಗೆ ಬಡಿಯಿತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ಗೆದ್ದಲು ಹಿಡಿಯದಿರಲೆಂದು ಹಂಚು ಹೊದಿಸುವ ಮಾಡಿನ ಮರದ ಪಕ್ಕಾಸುಗಳಿಗೆ ಬಳಿಯುತ್ತಿದ್ದರು. ಈಗೆಲ್ಲ ಅದನ್ನು ಯಾರೂ ಬಳಿಯುವುದಿಲ್ಲ ಎಂದುಕೊಂಡಿದ್ದೆ. ಒಗರು, ಖಾರ, ಏನೋ ಸುಟ್ಟು ಕರಕಲಾದ ಹಾಗೆ... ಹುಡುಗಿ ಮೂಗು ಮುಚ್ಚಿಕೊಂಡು, ಒಳಗೆ ಬನ್ನಿ ದೊಡ್ಡಮ್ಮ ಎಂದು ಕರೆದಳು. ನಾನು ಅಲ್ಲೇ ನಿಂತುಬಿಟ್ಟೆ. ಗುಳ್ಳೆ ಎದ್ದು ಸಿಪ್ಪೆ ಸುಲಿದ ಎರಡು ಕೈಗಳು ಮೊದಲು ನೆನಪಿಗೆ ಬಂದವು. ಆಮೇಲೆ ಆ ಕೈಗಳ ಮನುಷ್ಯ.

ಅವರನ್ನು ನಾವು ಮಕ್ಕಳು ಓವರ್ಸಿಯರ್ ಮಾಮ ಎನ್ನುತ್ತಿದ್ದೆವು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಘಟ್ಟದ ಮೇಲಿನ ಬಯಲುಸೀಮೆಯಿಂದ ಅವರನ್ನು ನಮ್ಮ ಮೂಡುಬಿದಿರೆಗೆ ಹಾಕಿದ್ದರು. ಬೆಳ್ತಂಗಡಿಯ ಕಡೆಗೆ ಹೋಗುವ ರಸ್ತೆಯ ಮೋರಿಗಳನ್ನು ಕಟ್ಟಿಸುವ ಕೆಲಸ. ನಮ್ಮ ಮನೆಯ ಎದುರಿನ ಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದರು. ಎತ್ತರದ ಆಳು, ಖಾಕಿ ಚಡ್ಡಿ, ತಲೆಗೊಂದು ಗಟ್ಟಿ ಟೋಪಿ. ಹೆಂಡತಿ ಮಕ್ಕಳು ಊರಲ್ಲಿದ್ದಾರೆ ಎಂದು ಹೇಳುತ್ತಿದ್ದರು. ನಮ್ಮ ತುಳು ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅವರ ಕನ್ನಡದ ಓಟಕ್ಕೆ ನಮ್ಮ ಶಾಲೆಯ ಕನ್ನಡ ಹಿಂದೆ ಬೀಳುತ್ತಿತ್ತು.

ಅವರ ಮೊದಲ ಮಳೆಗಾಲ ನನಗೆ ಚೆನ್ನಾಗಿ ನೆನಪಿದೆ. ಮಳೆ ಹಿಡಿದ ದಿನ ಅವರು ಬೆಳಿಗ್ಗೆಯೇ ಟೋಪಿ ಹಾಕಿಕೊಂಡು ಸಿದ್ಧರಾಗಿ, ಮಳೆ ನಿಂತ ಮೇಲೆ ಹೊರಡುವ ಎಂದು ಬಾಗಿಲಲ್ಲಿ ಕುಳಿತರು. ಮಧ್ಯಾಹ್ನವಾದರೂ ಕುಳಿತೇ ಇದ್ದರು. ಅಮ್ಮ ನನ್ನ ಕೈಯಲ್ಲಿ ಗಂಜಿಯೂಟ ಕಳಿಸಿದಾಗ, ಇದು ಎಷ್ಟು ಹೊತ್ತಿಗೆ ನಿಲ್ಲುತ್ತೆ ಮಗು ಎಂದು ಕೇಳಿದರು. ಚೌತಿ ಕಳೆದ ಮೇಲೆ ಕಡಿಮೆಯಾಗ್ತದೆ ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅವರು ನಕ್ಕರು. ನಾನು ನಗದೇ ಇದ್ದದ್ದನ್ನು ಕಂಡು ಅವರ ನಗು ಮೆಲ್ಲಗೆ ಹೋಯಿತು. ಆಮೇಲೆ ಮಾಡಿನಿಂದ ಸುರಿಯುವ ನೀರನ್ನು ಬಹಳ ಹೊತ್ತು ನೋಡಿದರು, ದೇವರ ಮುಂದೆ ನಿಂತವರ ಹಾಗೆ.

ನನ್ನ ಅಮ್ಮ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ತವರಿನಲ್ಲಿ ಕಲಿತ ವಿದ್ಯೆ. ಗೋಡೆ ಎಬ್ಬಿಸಿ ಕಿಟಕಿ ಇಟ್ಟ ನಮ್ಮ ಮನೆಯ ಜಗಲಿಯೇ ಶಾಲೆ. ಬಸದಿ ಬೀದಿಯ ಜೈನರ ಮಕ್ಕಳು, ಪೇಟೆಯ ಕೊಂಕಣಿ ಅಂಗಡಿಯವರ ಮಕ್ಕಳು, ಊರ ಹಿರಿಮನೆಯಾದ ದೂರದ ಗುತ್ತಿನ ಮನೆಯಿಂದ ನಡೆದು ಬರುವ ಶೆಟ್ರ ಹುಡುಗಿಯರು, ಇಗರ್ಜಿ ಕಡೆಯ ಇಬ್ಬರು ಕ್ರಿಶ್ಚಿಯನ್ ಅಕ್ಕತಂಗಿಯರು, ಮತ್ತೆ ನಾನು. ಬೇಸಗೆಯಲ್ಲಿ ನಾವು ಸರಳೆ ವರಸೆ ಹಾಡುತ್ತಿದ್ದರೆ ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಮಳೆ ಹಿಡಿಯಿತೆಂದರೆ ಎಲ್ಲ ಮುಗಿಯಿತು. ಹಂಚಿನ ಮೇಲೆ ಬೀಳುವ ಆ ಮಳೆಯ ಸದ್ದಿನಲ್ಲಿ ಪಕ್ಕದಲ್ಲಿ ಕುಳಿತವಳು ಹಾಡುತ್ತಿದ್ದಾಳೋ ಆಕಳಿಸುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಅಮ್ಮ ನಮ್ಮ ಬಾಯಿಯನ್ನೇ ನೋಡಿ ಪಾಠ ಮಾಡುತ್ತಿದ್ದಳು, ಕಿರುಚಿ ಸ್ವರ ಹೇಳಿಕೊಡುತ್ತಿದ್ದಳು. ಆಟಿ ತಿಂಗಳ, ಅಂದರೆ ಆಷಾಢದ ಹೊತ್ತಿಗೆ ಅವಳ ಗಂಟಲು ಒಡೆದು ಹೋಗುತ್ತಿತ್ತು. ನವರಾತ್ರಿಗೆ ಮಕ್ಕಳೂ ಅರ್ಧಕ್ಕರ್ಧ ಉಳಿಯುತ್ತಿರಲಿಲ್ಲ.

ಅಂಥ ಒಂದು ಸಂಜೆ ಓವರ್ಸಿಯರ್ ಮಾಮ ಗಂಜಿಯ ಪಾತ್ರೆ ವಾಪಸು ಕೊಡಲು ಬಂದರು. ಜಗಲಿಯ ತುದಿಯಲ್ಲಿ ಕೊಡೆ ಹಿಡಿದುಕೊಂಡೇ ನಿಂತರು. ಸಾಲಾಗಿ ಕುಳಿತ ಮಕ್ಕಳು ಬಾಯಿ ತೆರೆಯುವುದು ಮುಚ್ಚುವುದು, ನನ್ನ ಅಮ್ಮ ಕತ್ತಿನ ನರ ಉಬ್ಬಿಸಿ ಏನೋ ಕೂಗುವುದು, ಕೇಳುವುದು ಮಾತ್ರ ಮಳೆ. ಅವರು ಅಮ್ಮನ ಹತ್ತಿರಕ್ಕೆ ಬಂದು, ಈ ಮಕ್ಕಳು ಏನು ಮಾಡ್ತಿದ್ದಾರೆ ಎಂದು ಗಟ್ಟಿಯಾಗಿ ಕೇಳಿದರು. ಹಾಡ್ತಾ ಇದ್ದಾರೆ ಎಂದು ಅಮ್ಮ ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಅವಳು ಎರಡನೆಯ ಸಲ ಹೇಳಲು ಹೋದಾಗ ಸ್ವರವೇ ಹೊರಡಲಿಲ್ಲ.

ಆ ವಾರ ಡಾಕ್ಟರು ಅಮ್ಮನ ಗಂಟಲಿಗೆ ಬೆಳಕು ಹಿಡಿದು ನೋಡಿ, ಇನ್ನೊಂದು ಮಳೆಗಾಲ ಹೀಗೆ ಕೂಗಿದರೆ ಹಾಡುವುದು ಬಿಡಿ, ಮಾತಾಡುವುದೂ ಕಷ್ಟ ಎಂದರು. ಅಪ್ಪ ಹೈಸ್ಕೂಲಿನಲ್ಲಿ ಮಾಸ್ತರು, ಮಿತಭಾಷಿ. ಈ ವರ್ಷಕ್ಕೆ ಸಾಕು ಮಾಡು ಎಂದರು. ಅಮ್ಮ ಹಾರ್ಮೋನಿಯಂ ಮೇಲೆ ಬಟ್ಟೆ ಮುಚ್ಚಿ ಅದನ್ನು ಒಳಗಿನ ಕೋಣೆಗೆ ಸಾಗಿಸಿದಳು. ಆ ದಿನ ಅವಳು ಅತ್ತಳೋ ಇಲ್ಲವೋ... ಮಳೆಯ ಸದ್ದಿನಲ್ಲಿ ನನಗೆ ಅದೂ ಗೊತ್ತಾಗಲಿಲ್ಲ.

ಸಂಗೀತಕ್ಕೆ ಬೇರೆಯೇ ಒಂದು ಕೋಣೆ ಕಟ್ಟಬಹುದು ಎಂಬ ಮಾತನ್ನು ಎತ್ತಿದವರು ಓವರ್ಸಿಯರ್ ಮಾಮ. ಮನೆಯ ಹಿಂದೆ ನಮ್ಮದೇ ಗೇರುಗುಡ್ಡೆ ಇತ್ತು, ಜಾಗಕ್ಕೆ ತೊಂದರೆ ಇರಲಿಲ್ಲ. ಮಕ್ಕಳ ಮನೆಯವರು ಕಲ್ಲು, ಹಂಚು, ಆಳು ಎಂದು ಕೈಲಾದಷ್ಟು ಕೊಡುವುದಾಗಿ ಹೇಳಿದರು. ಓವರ್ಸಿಯರ್ ಮಾಮ ಒಂದು ನಕ್ಷೆ ಬರೆದು ತಂದರು. ಉದ್ದನೆಯ ಹಾಲ್, ಸಾಲಾಗಿ ದೊಡ್ಡ ದೊಡ್ಡ ಕಿಟಕಿ, ಒಂದು ತುದಿಗೆ ವೇದಿಕೆ. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಚೆಂದ ಉಂಟು ಓವರ್ಸಿಯರ್ರೇ, ಆದರೆ ಇದು ಆಸ್ಪತ್ರೆಯ ಹಾಗೆ ಉಂಟು ಎಂದಳು. ಅವರಿಗೆ ಬೇಸರವಾಗಲಿಲ್ಲ. ಹಾಗಾದರೆ ನಿಮಗೆ ಎಂಥದು ಬೇಕು ಎಂದು ಕೇಳಿದರು. ತನ್ನ ಕಿವಿಗೆ ಗೊತ್ತಾಗುತ್ತದೆ, ಬಾಯಿಗೆ ಬರುವುದಿಲ್ಲ ಎಂದಳು ಅಮ್ಮ.

ಅಲ್ಲಿಂದ ಅವರು ಕೇಳಲು ಶುರುಮಾಡಿದರು. ಮೋರಿಯ ಕೆಳಗೆ, ಅಕ್ಕಿ ಮುಡಿ ಪೇರಿಸಿಟ್ಟ ಅಂಗಡಿಯ ಅಟ್ಟದಲ್ಲಿ, ಗೋಡೆಗೆ ಬಳಸುವ ಮುರಕಲ್ಲು ಕಡಿದು ತೆಗೆದ ಹೊಂಡದೊಳಗೆ, ಹೋದಲ್ಲೆಲ್ಲ ಒಂದು ಚಪ್ಪಾಳೆ ತಟ್ಟಿ ತಲೆ ವಾಲಿಸಿ ನಿಲ್ಲುವರು. ಪೇಟೆಯವರು, ಪಾಪ ಮಳೆಗೆ ತಲೆ ಕೆಟ್ಟಿರಬೇಕು ಎಂದುಕೊಂಡರು. ಒಂದು ಭಾನುವಾರ ಮಳೆ ಬಿಟ್ಟಿದ್ದಾಗ ಬಸದಿಯ ಅರ್ಚಕರಾದ ಇಂದ್ರರ ಒಪ್ಪಿಗೆ ಕೇಳಿ ನಮ್ಮನ್ನೆಲ್ಲ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದರು. ದಿನಾ ಕಾಣುವ ಬಸದಿ ಅದು. ಆದರೂ ಆ ಕಂಬಗಳ ನಡುವೆ ನಿಂತು ನಾವೆಲ್ಲ ಒಟ್ಟಿಗೆ ಷಡ್ಜ ಹಿಡಿದಾಗ ಅದು ಬೇರೆಯೇ ಬಸದಿಯಾಯಿತು. ನಾವು ಬಿಟ್ಟ ಸ್ವರವನ್ನು ಕಲ್ಲು ಹಿಡಿದುಕೊಂಡಿತು. ನಾವು ಬಾಯಿ ಮುಚ್ಚಿದ ಮೇಲೂ ಯಾರೋ ದೊಡ್ಡವರು ಅದನ್ನು ಒಳಗಿಂದ ಹಾಡುತ್ತಲೇ ಇದ್ದರು. ಓವರ್ಸಿಯರ್ ಮಾಮ ಕಂಬಕ್ಕೆ ಕೈಯಿಟ್ಟು ಕಣ್ಣು ಮುಚ್ಚಿದ್ದರು. ಇದೇ ಅಲ್ವಾ ಎಂಬಂತೆ ಅಮ್ಮನ ಮುಖ ನೋಡಿದರು. ಅಮ್ಮ ನಮ್ಮಿಂದ ಎರಡನೆಯ ಕಾಲದಲ್ಲಿ, ಇಮ್ಮಡಿ ವೇಗದಲ್ಲಿ, ವರಸೆ ಹಾಡಿಸಿದಳು. ಸ್ವರದ ಮೇಲೆ ಸ್ವರ ಬಿದ್ದು ಎಲ್ಲ ಕಲಸಿಹೋಯಿತು.

"ಇಲ್ಲಿ ದೇವರಿಗೆ ಕೇಳ್ತದೆ," ಎಂದಳು ಅಮ್ಮ. "ಯಾವ ಮಗು ತಪ್ಪಿದ್ದು ಅಂತ ನನಗೆ ಕೇಳುವುದಿಲ್ಲ."

ಆ ಮಾತು ಅವರಿಗೆ ಸಾಕಾಯಿತು. ಮರುದಿನ ಪಾಠವಿಲ್ಲದ ನಮ್ಮ ಜಗಲಿಗೆ ಬಂದು, ಮಕ್ಕಳನ್ನೆಲ್ಲ ಮೊದಲಿನಂತೆ ಸಾಲಾಗಿ ಕೂರಿಸಿ, ಖಾಕಿ ಚಡ್ಡಿಯಲ್ಲೇ ನಮ್ಮ ಸಾಲಿನ ನಡುವೆ ನೆಲದ ಮೇಲೆ ಕುಳಿತರು. ಬೆನ್ನು ಬಾಗಿಸಿ ತಲೆಯನ್ನು ನಮ್ಮ ತಲೆಯ ಮಟ್ಟಕ್ಕೆ ತಂದು ಸುತ್ತಲೂ ನೋಡಿದರು. ಇಲ್ಲಿಂದ ನಿಮಗೆ ಬರೀ ಗೋಡೆ ಕಾಣುತ್ತಲ್ಲ ಎಂದರು. ಹೌದು, ಕಿಟಕಿಯಲ್ಲಿ ನಮಗೆ ಕಾಣುತ್ತಿದ್ದದ್ದು ಮಾಡಿನ ಅಂಚು ಮಾತ್ರ. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಒಬ್ಬೊಬ್ಬರನ್ನೇ ಗೋಡೆಗೆ ಆನಿಸಿ ಕೂರಿಸಿ ನಮ್ಮ ಕಣ್ಣಿನ ಎತ್ತರ, ಕಿವಿಯ ಎತ್ತರ ಅಳೆದರು. ಅತಿ ಸಣ್ಣವಳ ಹೆಜ್ಜೆಯನ್ನು ಮೆಟ್ಟಿಲಿಗೆಂದು ಅಳೆದರು. ಅಲ್ಲಿಯವರೆಗೆ ದೊಡ್ಡವರು ನಮ್ಮನ್ನು ಅಳೆದದ್ದು ದೀಪಾವಳಿಯ ಬಟ್ಟೆ ಹೊಲಿಸಲು ಮಾತ್ರ. ಒಂದು ಮನೆಯನ್ನು ನಮ್ಮ ಅಳತೆಗೆ ಕಟ್ಟುತ್ತಾರೆ ಎಂಬುದನ್ನು ನಂಬಲು ನನಗೆ ಧೈರ್ಯ ಸಾಲಲಿಲ್ಲ.

ಸ್ವರ ಸುತ್ತಿ ಸುತ್ತಿ ಬಾರದ ಹಾಗೆ ಮಾಡುವ ಉಪಾಯ ಅವರಿಗೆ ಕಲ್ಲಿನ ಹೊಂಡದಲ್ಲೇ ಸಿಕ್ಕಿತ್ತು. ಮುರಕಲ್ಲಿನ ಮೈಯೆಲ್ಲ ತೂತು. ಗೋಡೆಗೆ ಸಾರಣೆ ಮಾಡದೆ ಹಾಗೇ ಬಿಟ್ಟರೆ ಅದು ಸದ್ದನ್ನು ಕುಡಿಯುತ್ತದೆ ಎಂದರು. ಎದುರುಬದುರಿನ ಗೋಡೆಗಳು ಒಂದಕ್ಕೊಂದು ಸರಿಯಾಗಿ ಮುಖ ಮಾಡಬಾರದು, ಒಂದು ಕೊಂಚ ಓರೆ ಇರಲಿ ಎಂದಾಗ ಕಲ್ಲು ಕಟ್ಟುವ ಮೇಸ್ತ್ರಿ ಸಿಟ್ಟಾದ. ಸೊಟ್ಟ ಗೋಡೆ ಕಟ್ಟಿದವನೆಂಬ ಹೆಸರು ತನಗೆ ಬರುವುದಿಲ್ಲವೇ ಎಂದು ಅವನ ವಾದ. ಆದರೂ ಮಳೆಯ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಹಂಚು ಹೊದಿಸಿದರೂ ತಗಡು ಹೊದಿಸಿದರೂ ಸದ್ದು ಸದ್ದೇ.

ಉತ್ತರ ಬಂದದ್ದು ಒಂದು ಮಧ್ಯಾಹ್ನ, ನಮ್ಮ ಜಗಲಿಯಲ್ಲಿ ಅವರು ಪತ್ರೊಡೆ ತಿನ್ನುತ್ತಿದ್ದಾಗ. ಹೊರಗೆ ಮಳೆ ಹೊಡೆಯುತ್ತಿತ್ತು. ನಿಮ್ಮ ಊರಿನಲ್ಲಿ ಮಳೆಯೇ ಇಲ್ಲವಾ ಎಂದು ಅಮ್ಮ ಸುಮ್ಮನೆ ಕೇಳಿದಳು. ಅವರು ಊರಿನ ಮನೆಗಳ ವಿಷಯ ಹೇಳತೊಡಗಿದರು. ಮಾಳಿಗೆ ಮನೆಗಳಂತೆ. ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೊಳ ದಪ್ಪದ ಮಣ್ಣು. ಮಾಡು ಎಂಬುದೇ ಇಲ್ಲ.

"ನಮ್ಮೂರಲ್ಲಿ ಮಳೆ ಬಂದ್ರೆ ಶಬ್ದ ಬರಲ್ಲಮ್ಮ, ವಾಸನೆ ಬರುತ್ತೆ. ವಾಸನೆ ನೋಡಿ ಮಳೆ ಅಂತ ಎದ್ದು ಹೊರಗೆ ಬರ್ತೀವಿ," ಎಂದರು. ಹಾಗೆಂದವರೇ ಕೈಯಲ್ಲಿದ್ದ ತುಂಡನ್ನು ಎಲೆಯ ಮೇಲೆ ಇಟ್ಟು, ಅಮ್ಮನ ಮುಖವನ್ನೇ ನೋಡಿದರು.

ನಮ್ಮ ಮಳೆಗೆ ಮಣ್ಣಿನ ಮಾಳಿಗೆ ಒಂದು ದಿನವೂ ನಿಲ್ಲದು ಎಂದು ಅಪ್ಪ ಹೇಳಿದರು. ಮೇಲೆ ನಿಮ್ಮ ಹಂಚು ಇರಲಿ ಮೇಷ್ಟ್ರೇ, ಕೆಳಗೆ ನಮ್ಮ ಮಣ್ಣು ಇರಲಿ ಎಂದರು ಅವರು. ಒಂದು ಮನೆಯೊಳಗೆ ಇನ್ನೊಂದು ಮನೆ. ಸುತ್ತಲೂ ಅಗಲವಾದ ಜಗಲಿ, ಮಾಡಿನ ನೀರು ಕೋಣೆಯಿಂದ ದೂರ ಬೀಳಬೇಕು. ಮರದ ಕೆಲಸದ ಆಚಾರಿ ತಲೆ ತುರಿಸಿಕೊಂಡು, ಹಳೆಯ ಗುತ್ತಿನ ಮನೆಗಳಲ್ಲಿ ಮಾಡಿನ ಕೆಳಗಿನ ಮುಚ್ಚಿಗೆಯ ಹಲಗೆಯ ಮೇಲೆ ಮಣ್ಣು ಹಾಕುವ ಕ್ರಮ ನಮ್ಮಲ್ಲಿಯೂ ಉಂಟು, ಹುಲ್ಲಿನ ಮಾಡಿಗೆ ಬೆಂಕಿ ಬಿದ್ದರೆ ಒಳಗೆ ಇಳಿಯಬಾರದು ಅಂತ, ಆದರೆ ಇಷ್ಟು ದಪ್ಪ ಯಾರೂ ಹಾಕಿದ್ದಿಲ್ಲ ಎಂದ.

ಮಳೆಗಾಲ ಕಳೆದು ಗುಡ್ಡೆ ಒಣಗಿದ ಮೇಲೆ ಕೆಲಸ ಶುರುವಾಯಿತು. ಅವರು ಬೆಳಿಗ್ಗೆ ಬೇಗನೆ, ಸಂಜೆ ಮೋರಿಯ ಕೆಲಸ ಬಿಟ್ಟು ಬಂದ ಮೇಲೆ, ಭಾನುವಾರ ಇಡೀ ದಿನ ಅಲ್ಲೇ ಇರುತ್ತಿದ್ದರು. ಹಲಸಿನ ತೊಲೆ, ಹಲಗೆಗಳನ್ನು ಬಂಟ್ವಾಳದ ಮರದ ಡಿಪೋದ ಸಾಹೇಬರು ತಾವೇ ಲಾರಿಯಲ್ಲಿ ಕೂತು ತಂದರು. ಮಳೆ ಕೇಳದ ಕೋಣೆ ಎಂದರೆ ಎಂಥದು ಎಂದು ಅವರಿಗೆ ಕುತೂಹಲ. ಕೆಲಸ ನೋಡುತ್ತಾ ನಿಂತು, ತೊಲೆಗಳ ಪೈಕಿ ಎರಡು ಸಾಧಾರಣದ್ದು, ಇಷ್ಟು ಭಾರಕ್ಕೆ ಬೇಡ, ಬದಲಾಯಿಸಿ ಕೊಡ್ತೇನೆ ಎಂದು ವಾಪಸು ಒಯ್ದರು. ಮರಕ್ಕೆಲ್ಲ ಗೇರೆಣ್ಣೆ ಬಳಿಯುವಾಗ ಆಳುಗಳು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡಿದ್ದರು. ಓವರ್ಸಿಯರ್ ಮಾಮ ಅದು ಗೊತ್ತಿಲ್ಲದೆ ಬರೀ ಕೈಯಲ್ಲಿ ಬಳಿದು ಕೈಯೆಲ್ಲ ಗುಳ್ಳೆ ಮಾಡಿಕೊಂಡರು. ಒಂದು ವಾರ ಅವರಿಗೆ ಲೋಟ ಹಿಡಿಯಲೂ ಆಗಲಿಲ್ಲ. ಅಮ್ಮ ಬೆಣ್ಣೆ ಹಚ್ಚಿ ಬಾಳೆಲೆ ಸುತ್ತಿ ಕೊಟ್ಟಳು. ಆ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದುಕೊಂಡೇ ಅವರು ಏಣಿಯ ಬುಡದಲ್ಲಿ ನಿಂತು ಕೆಲಸ ನೋಡುತ್ತಿದ್ದರು.

ಮಣ್ಣು ತುಳಿದವರು ನಾವು. ಉಮಿ, ಕತ್ತರಿಸಿದ ಬೈಹುಲ್ಲು ಬೆರೆಸಿದ ಕೆಂಪು ಮಣ್ಣಿನ ಹೊಂಡದಲ್ಲಿ ಲಂಗ ಎತ್ತಿ ಕಟ್ಟಿಕೊಂಡು, ಕೈ ಕೈ ಹಿಡಿದು, ಅಮ್ಮ ಹಾಕುವ ತಾಳಕ್ಕೆ ಜಂಟಿ ವರಸೆ ಹಾಡುತ್ತಾ ತುಳಿದೆವು. ಇಗರ್ಜಿ ಕಡೆಯ ಅಕ್ಕತಂಗಿಯರಲ್ಲಿ ತಂಗಿ ಬಿದ್ದು ಮುಖವೆಲ್ಲ ಮಣ್ಣಾಯಿತು. ಅವಳು ಸ್ವರ ಬಿಡದೆ ಎದ್ದಳು. ನಗದ ಅಪ್ಪನೂ ಆ ದಿನ ನಕ್ಕರು.

ಕೋಣೆ ಮುಗಿದು ಹಂಚು ಹೊದಿಸುವ ಹೊತ್ತಿಗೆ ಊರಿನಲ್ಲಿ ಒಂದು ಮಾತು ಹುಟ್ಟಿತು. ಮಕ್ಕಳ ತಲೆಯ ಮೇಲೆ ಗಾಡಿಗಟ್ಟಲೆ ಮಣ್ಣು ಪೇರಿಸಿಟ್ಟಿದ್ದಾರೆ, ಒಂದು ಹಂಚು ಜಾರಿ ನೀರು ಇಳಿದರೆ ಸಾಕು, ಅದು ಭಾರವಾಗಿ ಕುಸಿಯುತ್ತದೆ ಎಂದು. ಹೇಳಿದ್ದು ಮೇಸ್ತ್ರಿಯೋ ಇನ್ಯಾರೋ... ಹೆದರಿಕೆ ಮಾತ್ರ ಮನೆಮನೆಗೆ ಹೋಯಿತು. ಗುತ್ತಿನ ಮನೆಯ ಯಜಮಾನರು ಬಂದು, ಟೀಚರೇ, ನಿಮ್ಮ ಮೇಲೆ ವಿಶ್ವಾಸ ಇಲ್ಲ ಅಂತಲ್ಲ, ಆದರೆ ಮಕ್ಕಳ ವಿಷಯ ಎಂದು ನಿಧಾನವಾಗಿ ಹೇಳಿದರು. ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಓವರ್ಸಿಯರ್ ಮಾಮನನ್ನು ಕರೆದು, ಮಣ್ಣು ತೆಗೆಸಿಬಿಡುವ, ನನ್ನ ಮನಸ್ಸಿಗೆ ಧೈರ್ಯ ಇಲ್ಲ ಎಂದಳು.

ಅವರು ಕೋಪ ಮಾಡಿಕೊಳ್ಳಲಿಲ್ಲ. ನಿಮ್ಮ ಭಯ ಸರಿಯಾದದ್ದೇ ಎಂದರು. ತಾನು ಲೆಕ್ಕ ಹಾಕಿದ್ದೇನೆ, ಆದರೆ ಈ ಊರಿನ ಮಳೆ ತನ್ನ ಲೆಕ್ಕವನ್ನು ಮೋರಿಗಳಲ್ಲಿ ಎರಡು ಸಲ ಸುಳ್ಳು ಮಾಡಿದೆ ಎಂದೂ ಹೇಳಿದರು.

"ಮೊದಲ ಮಳೆಗೆ ಒಳಗೆ ನಾನು ಕೂತ್ಕೋತೀನಿ, ಒಬ್ಬನೇ. ಅದು ನಿಂತರೆ ಮಕ್ಕಳು ಬರಲಿ. ಇಲ್ಲದಿದ್ರೆ ಬೇಡ."

ಮಳೆ ಬಂತು. ಆ ವರ್ಷದ ಮೊದಲ ಮಳೆಯೇ ಗಾಳಿ ಸಮೇತ ಬಂತು, ಗುಡ್ಡೆಯಲ್ಲಿ ಎರಡು ಗೇರು ಮರ ಮಗುಚಿದವು. ಅವರು ರಜೆ ಹಾಕಿ, ಒಂದು ಮಡಚುವ ಕುರ್ಚಿ ತೆಗೆದುಕೊಂಡು ಬೆಳಿಗ್ಗೆ ಒಳಗೆ ಹೋಗಿ ಕಿಟಕಿ ಬಾಗಿಲುಗಳನ್ನೆಲ್ಲ ಹಾಕಿಕೊಂಡರು. ಅಮ್ಮ, ಅಪ್ಪ, ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತೆವು. ಮಳೆಯ ನಡುವೆ ಆ ಮಾಡು ಒಮ್ಮೆ ಕಾಣುವುದು, ಒಮ್ಮೆ ಕಾಣದಿರುವುದು. ಒಲೆಯ ಮೇಲಿನ ಅನ್ನ ತಳ ಹಿಡಿಯಿತು, ಅಮ್ಮ ತಿರುಗಿ ನೋಡಲಿಲ್ಲ. ಮಧ್ಯಾಹ್ನ ಮಳೆ ಇನ್ನೂ ಜೋರಾಯಿತು. ಅಪ್ಪ ಕೊಡೆ ತೆಗೆದುಕೊಂಡು, ಹೋಗಿ ಕರೆದುಕೊಂಡು ಬರ್ತೇನೆ ಎಂದು ಹೊರಟರು.

ಆಗ ಬಾಗಿಲು ತೆರೆಯಿತು. ಓವರ್ಸಿಯರ್ ಮಾಮ ಆರಾಮವಾಗಿ, ಮಳೆ ಬಿಟ್ಟ ಮೇಲೆ ಹೊರಗೆ ಬರುವವರ ಹಾಗೆ ಹೊಸ್ತಿಲ ಮೇಲೆ ಕಾಲಿಟ್ಟರು. ಅಷ್ಟರಲ್ಲಿ ಮಳೆಯ ಆ ಸದ್ದು ಅವರ ಮೇಲೆ ಬಿತ್ತು. ಅವರು ಒಂದು ಹೆಜ್ಜೆ ಹಿಂದಕ್ಕೆ ಹೋದರು. ಬಾಗಿಲು ಹಾಕಿಕೊಂಡರು. ತುಸು ಹೊತ್ತು ಕಳೆದು ಮತ್ತೆ ತೆರೆದರು. ಮತ್ತೆ ಹಾಕಿದರು. ಮತ್ತೆ ತೆರೆದರು. ಅಷ್ಟು ಎತ್ತರದ, ಸರಕಾರಿ ಕೆಲಸದ ಮನುಷ್ಯ ಸಣ್ಣ ಮಗುವಿನ ಹಾಗೆ ಬಾಗಿಲು ತೆರೆಯುತ್ತಾ ಮುಚ್ಚುತ್ತಾ ಇದ್ದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೊಡೆಯನ್ನೂ ಹಿಡಿಯದೆ ಅಂಗಳಕ್ಕೆ ಇಳಿದು ಓಡಿದಳು. ನಾನೂ ಓಡಿದೆ.

ನಾವು ಒಳಗೆ ಹೋದದ್ದೇ ಅವರು ಬಾಗಿಲು ಹಾಕಿದರು. ನಾನು ಎಷ್ಟು ವರ್ಷ ಬದುಕಿದರೂ ಆ ಕ್ಷಣವನ್ನು ಸರಿಯಾಗಿ ಹೇಳಲಾರೆ. ಮಳೆ ಎಲ್ಲಿಯೋ ದೂರದ ಊರಿಗೆ ಹೊರಟುಹೋಯಿತು. ನಮ್ಮ ಬಟ್ಟೆಯಿಂದ ನೆಲಕ್ಕೆ ತೊಟ್ಟಿಕ್ಕುವ ಹನಿ ಕೇಳಿಸಿತು. ಅಮ್ಮನ ಏದುಸಿರು, ಅವಳ ಬಳೆ, ಅರೆಗತ್ತಲೆಯಲ್ಲಿ ಅವರು ಕುರ್ಚಿ ಸರಿಸಿದ್ದು, ಒಂದೊಂದೂ ಬೇರೆ ಬೇರೆಯಾಗಿ ಕೇಳಿಸಿತು. ಅಮ್ಮ ಗಂಟಲು ಸರಿಮಾಡಿಕೊಂಡು, ಮಲಗಿದ ಮಗುವನ್ನು ಎಬ್ಬಿಸಬಾರದು ಎನ್ನುವಷ್ಟು ಮೆಲ್ಲನೆ, ಸ ಎಂದಳು. ಆ ಸ್ವರ ನನ್ನ ಹತ್ತಿರಕ್ಕೆ ಬಂತು, ಗೋಡೆಯವರೆಗೆ ಹೋಯಿತು, ಅಲ್ಲಿ ತಣ್ಣಗೆ ನಿಂತಿತು. ಮಳೆಗಾಲದಲ್ಲಿ ನನ್ನ ಅಮ್ಮನ ನಿಜವಾದ ಸ್ವರವನ್ನು ನಾನು ಕೇಳಿದ್ದು ಅದೇ ಮೊದಲು.

ಆ ವಾರವೇ ಮಕ್ಕಳೆಲ್ಲ ಬಂದರು. ಗುತ್ತಿನ ಯಜಮಾನರು ತಾವೂ ಒಂದು ದಿನ ಮೂಲೆಯಲ್ಲಿ ಕುಳಿತು, ಮುಚ್ಚಿಗೆಯನ್ನೇ ನೋಡಿ ನೋಡಿ, ಕೊನೆಗೆ ನೋಡುವುದನ್ನು ಮರೆತು ತಾಳ ಹಾಕಿ ಹೋದರು. ಮಳೆ ತುಸು ಕಡಿಮೆಯಾದಾಗ ಅಮ್ಮ ಗುಡ್ಡೆಯ ಕಡೆಯ ಕಿಟಕಿ ತೆರೆಯುತ್ತಿದ್ದಳು. ಕುಳಿತಲ್ಲಿಂದಲೇ ನಮಗೆ ಒದ್ದೆ ಎಲೆಗಳು, ಓಡುವ ಅಳಿಲು, ಗುಡ್ಡೆಯ ನೆತ್ತಿ ಎಲ್ಲ ಕಾಣುತ್ತಿತ್ತು. ಇನ್ನೂ ಸಣ್ಣವರು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತುತ್ತಿದ್ದರು.

ಓವರ್ಸಿಯರ್ ಮಾಮ ಭಾನುವಾರ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಅಮ್ಮ ಅವರಿಗೂ ಹಾಡಲು ಹೇಳಿದಳು. ಶ್ರುತಿ ಎಂಬುದು ಅವರ ಹತ್ತಿರ ಸುಳಿಯಲಿಲ್ಲ. ತಾಳವಾದರೂ ಹಾಕಿ ಎಂದಳು, ಅದೂ ತಪ್ಪಿತು. ನನಗೆ ಕೇಳಕ್ಕೆ ಬಿಡಿ ಅಮ್ಮ, ಅಷ್ಟೇ ಸಾಕು ಎಂದರು. ನಾವು ಹಾಡುವಾಗ ಅವರು ನಮ್ಮನ್ನು ನೋಡುತ್ತಿದ್ದದ್ದು ಮೊದಲ ಮಳೆಯ ದಿನ ಮಾಡಿನ ನೀರನ್ನು ನೋಡಿದ ಹಾಗೆಯೇ ಎಂದು ನನಗೆ ಅನಿಸುತ್ತಿತ್ತು.

ಇನ್ನೊಂದು ಮಳೆಗಾಲ ಕಳೆದ ಮೇಲೆ ಅವರಿಗೆ ವರ್ಗವಾಯಿತು. ಉತ್ತರದ ಕಡೆ ಯಾವುದೋ ಅಣೆಕಟ್ಟಿನ ಕೆಲಸವಂತೆ. ಹೊರಡುವ ದಿನ ಅಮ್ಮ ಹಪ್ಪಳ, ಕರಿದ ಹಲಸಿನ ಸೋಂಟೆ, ಒಂದು ಬಾಟಲಿ ತೆಂಗಿನೆಣ್ಣೆ ಕಟ್ಟಿಕೊಟ್ಟಳು. ಮಕ್ಕಳನ್ನು ಕರೆದುಕೊಂಡು ಒಮ್ಮೆ ಬನ್ನಿ ಎಂದಳು. ಬರ್ತೀನಿ ಎಂದರು. ಬಸ್ಸಿನ ಕಿಟಕಿಯಿಂದ ಟೋಪಿ ತೆಗೆದು ತೋರಿಸಿದರು. ಬೆಳ್ತಂಗಡಿಗೆ ಹೋಗುವ ಲಾರಿಯವರು ಅವರು ಕಟ್ಟಿಸಿದ ಮೋರಿಗಳ ಮಾತು ಕೆಲವು ವರ್ಷ ಆಡುತ್ತಿದ್ದರು. ಆಮೇಲೆ ಅದೂ ನಿಂತಿತು... ಅವರು ಮತ್ತೆ ಬರಲಿಲ್ಲ.

ಅಮ್ಮ ಆ ಕೋಣೆಯಲ್ಲಿ ತನ್ನ ಮುದಿತನದವರೆಗೂ ಪಾಠ ಹೇಳಿದಳು. ಅವಳ ಸ್ವರ ಕೊನೆಯವರೆಗೂ ಒಡೆಯಲಿಲ್ಲ. ಅವಳು ಹೋದದ್ದು ಶ್ರಾವಣದಲ್ಲಿ. ಯಾರು ಯಾರಿಗೆ ಸುದ್ದಿ ಮುಟ್ಟಿಸಬೇಕೆಂದು ತಮ್ಮ ಕೇಳುತ್ತಿದ್ದಾಗ ನನ್ನ ಬಾಯಿಗೆ ಮೊದಲು ಬಂದದ್ದು ಓವರ್ಸಿಯರ್ ಮಾಮನ ಹೆಸರು. ಎಲ್ಲಿಗೆ ಎಂದು ತಮ್ಮ ಕೇಳಿದ. ನಮ್ಮೂರು, ನಮ್ಮೂರು ಎಂದು ಅವರು ಎಷ್ಟು ಸಲ ಹೇಳಿದ್ದರು! ನಮ್ಮ ಕಿವಿಯ ಎತ್ತರವನ್ನೂ ಅಳೆದು ಇಟ್ಟುಕೊಂಡವರು. ಆ ಊರು ಯಾವುದು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಕೋಣೆ ಈಗ ಇಲ್ಲ. ಆಸ್ತಿ ಪಾಲಾಗಿ ಗುಡ್ಡೆ ಮಾರಿದ ಮೇಲೆ ಕೊಂಡವರು ಅದನ್ನು ಕೆಡವಿದರು. ಅವರದೇನೂ ತಪ್ಪಿಲ್ಲ, ಅವರಿಗೆ ಬೇಕಾದದ್ದು ಮನೆ. ಮಣ್ಣು ಗಟ್ಟಿಯಾಗಿತ್ತು, ಹಾರೆಗೂ ಬಗ್ಗಲಿಲ್ಲ ಎಂದು ಕೆಲಸದವರು ಹೇಳಿದರಂತೆ. ಮೂಡುಬಿದಿರೆಯಲ್ಲಿ ಇಂದಿಗೂ ಮಕ್ಕಳು ಸಂಗೀತ ಕಲಿಯುತ್ತಾರೆ, ಪೇಟೆಯ ಕಟ್ಟಡಗಳ ಮಹಡಿಯಲ್ಲಿ, ಮೈಕಿನ ಮುಂದೆ ಕುಳಿತು. ಚೆನ್ನಾಗಿಯೇ ಹಾಡುತ್ತಾರೆ. ಮಳೆಯ ನಡುವೆ ನಿಂತಿದ್ದ ಆ ನಿಶ್ಶಬ್ದದಲ್ಲಿ ಕುಳಿತು ಹಾಡಿದವರಲ್ಲಿ ನಾವು ಈಗ ಬೆರಳೆಣಿಕೆಯ ಮಂದಿ ಉಳಿದಿದ್ದೇವೆ. ಅದನ್ನು ಕಟ್ಟಿದವರು ಎಲ್ಲಿಯವರು ಎಂದು ಯಾರಾದರೂ ಕೇಳಿದರೆ, ಘಟ್ಟದ ಮೇಲಿನವರು ಎನ್ನುತ್ತೇವೆ. ಅದಕ್ಕಿಂತ ಹೆಚ್ಚು ನಮಗೆ ಗೊತ್ತಿಲ್ಲ.